ಬೆಂಗಳೂರಿನಿಂದ ಸಾನ್‌ಫ್ರಾನ್ಸಿಸ್ಕೊ ಎಷ್ಟು ದೂರ?

ಸದಸ್ಯ ಬಾಂಧವರು ಸಂಘದ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆಗಳೆಲ್ಲ ಕಾಫಿಯ ಧಾರಣೆ, ಅಡಿಕೆಯ ಕೊಳೆರೋಗ, ಗೊಬ್ಬರದ ದಾಸ್ತಾನು ಇವುಗಳಿಗೇ ಸೀಮಿತವಾಗಿದ್ದ ಕಾಲವೊಂದಿತ್ತು. ಈಗ ಹಾಗಿಲ್ಲ. ಮಗಳು ಕ್ಯಾಲಿಫೋರ್ನಿಯದಲ್ಲಿ, ಮಗ ಸಿಡ್ನಿಯಲ್ಲಿ, ತಮ್ಮನ ಮಗ ದುಬೈಯಲ್ಲಿ. ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರು ಮತ್ತು ತೋಟ. ಹೀಗಿರುವ ಮನೆಗಳು ನಮ್ಮ ಮಲೆನಾಡಿನ ಯಾವ ಊರಿಗೆ ಹೋದರೂ ನಾಲ್ಕಾರು ಸಿಗುತ್ತವೆ. ಆದುದರಿಂದ 'ಅಲ್ಲಿಂದ ಇಲ್ಲಿಗೆ ಎಷ್ಟು ದೂರ, ಬರಲು ಎಷ್ಟು ಹೊತ್ತು ಬೇಕು' ಎಂಬುದೂ ಈಗ ತೋಟಗಾರನ ಪ್ರಶ್ನೆಯೇ ಆಗಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಗುರುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ತೀರಿಕೊಂಡರು. ಮಗ ಸಾನ್‌ಫ್ರಾನ್ಸಿಸ್ಕೊ ಬಳಿ ಇದ್ದಾನೆ. ಸುದ್ದಿ ಮುಟ್ಟಿದ ಕೂಡಲೆ ಹೊರಡುತ್ತೇನೆಂದ. ಅಂಗಳದಲ್ಲಿ ಕೂಡಿದ್ದವರಲ್ಲಿ ತಿಳಿದವರೊಬ್ಬರು, 'ಬೆಂಗಳೂರಿಗೆ ಹದಿನೇಳು ಗಂಟೆಯ ಹಾರಾಟ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಒಂದು ರಾತ್ರಿ. ಶುಕ್ರವಾರ ಬೆಳಗಾಗುವುದರೊಳಗೆ ಅಂಗಳದಲ್ಲಿರುತ್ತಾನೆ' ಎಂದರು. ಶುಕ್ರವಾರ ಹನ್ನೊಂದು ಗಂಟೆಗೆ ಸಂಸ್ಕಾರವೆಂದು ನಿಶ್ಚಯಿಸಿ ನೆಂಟರಿಷ್ಟರಿಗೆ ಹೇಳಿಯಾಯಿತು. ಹನ್ನೊಂದಾಯಿತು, ಒಂದಾಯಿತು. ಮಧ್ಯಾಹ್ನ ಮೂರಕ್ಕೆ ಮಳೆ ಸ್ವಲ್ಪ ಹೊಳವಾದಾಗ ಇನ್ನು ಕಾಯುವಂತಿಲ್ಲವೆಂದು ತಮ್ಮನ ಮಗನ ಕೈಯಿಂದ ಕಾರ್ಯ ಮುಗಿಸಿದರು. ಮಗ ಅಂಗಳಕ್ಕೆ ಬಂದಾಗ ಸಂಜೆ ಏಳೂವರೆ ಗಂಟೆ.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಇದ್ದದ್ದು ಲೆಕ್ಕದ ತಪ್ಪು. ಹದಿನೇಳು ಗಂಟೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಯಾವ ದೂರದ ಲೆಕ್ಕ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಎರಡು ಊರುಗಳ ನಡುವೆ ನಕ್ಷೆಯಲ್ಲಿ ಕಾಣುವ ದೂರ ಒಂದು, ಭೂಮಿಯ ಮೇಲಿನ ನಿಜವಾದ ದೂರ ಇನ್ನೊಂದು, ವಿಮಾನ ಹಾರುವ ದೂರ ಮತ್ತೊಂದು, ಮನೆ ತಲುಪುವ ದೂರ ಬೇರೆಯೇ ಒಂದು. ಈ ನಾಲ್ಕನ್ನೂ ಬೆಂಗಳೂರು ಮತ್ತು ಸಾನ್‌ಫ್ರಾನ್ಸಿಸ್ಕೊ ನಗರಗಳನ್ನೇ ಇಟ್ಟುಕೊಂಡು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಗೋಡೆಯ ನಕ್ಷೆ ಹೇಳುವ ದೂರ

ಶಾಲೆಯ ಗೋಡೆಯ ಮೇಲಿನ ಭೂಪಟವನ್ನು ನೆನೆಯಿರಿ. ಸಾಮಾನ್ಯವಾಗಿ ಅಮೆರಿಕ ಎಡತುದಿಯಲ್ಲಿ, ಭಾರತ ಬಲಭಾಗದಲ್ಲಿ. ಸಾನ್‌ಫ್ರಾನ್ಸಿಸ್ಕೊ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದೆ. ಅದು ಬೆಂಗಳೂರಿಗೆ ಹೆಚ್ಚುಕಡಮೆ ಭೂಮಿಯ ಆಚೆಯ ಮಗ್ಗುಲು. ಇಲ್ಲಿಂದ ಪೂರ್ವಕ್ಕೆ ಹೊರಟರೆ ಚೀನಾ, ಜಪಾನ್ ದಾಟಿ ಪೆಸಿಫಿಕ್ ಮಹಾಸಾಗರವನ್ನು ಅಡ್ಡಹಾಯಬೇಕು. ನಕ್ಷೆಯ ಮೇಲೆ ಹೀಗೆ ಅಡ್ಡಪಟ್ಟಿ ಇಟ್ಟು ಎಳೆದ ಗೆರೆಯ ಮೇಲೆಯೇ ವಿಮಾನ ಹಾರಿದ್ದಾದರೆ ಅದು ಕ್ರಮಿಸಬೇಕಾದ ದಾರಿ 16,000 ಕಿ.ಮೀ. ಮೀರುತ್ತದೆ.

ಆದರೆ ನಿಜವಾದ ಅತ್ಯಂತ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಮಾತ್ರ. ಎರಡು ಸಾವಿರ ಕಿಲೋಮೀಟರು ಎಲ್ಲಿ ಹೋಯಿತು? ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ 1,700 ಕಿ.ಮೀ. ಎಂದರೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ತಪ್ಪು ನಕ್ಷೆಯದು. ದುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹಾಸಬೇಕಾದರೆ ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು. ನಾವು ಹೆಚ್ಚಾಗಿ ಕಾಣುವ ನಕ್ಷೆಯ ಕ್ರಮವನ್ನು 1569ರಲ್ಲಿ ಮರ್ಕೇಟರ್ ಎಂಬಾತ ರೂಪಿಸಿದ. ಹಡಗಿನವರಿಗೆ ಅದು ಬಹಳ ಅನುಕೂಲ; ಅದರ ಮೇಲೆ ಎಳೆದ ನೇರ ಗೆರೆಯನ್ನು ಹಿಡಿದು, ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿಟ್ಟುಕೊಂಡು ಹೋದರೆ ಊರು ಸೇರಬಹುದು. ಆದರೆ ಧ್ರುವಗಳ ಕಡೆಗೆ ಹೋದಂತೆಲ್ಲ ಅದು ನೆಲವನ್ನು ಹಿಗ್ಗಿಸುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕ ಅದರ ಹದಿನಾಲ್ಕು ಪಾಲಿನಷ್ಟಿದೆ. ನೆಲ ಹಿಗ್ಗಿದ ಕಡೆ ದೂರವೂ ಹಿಗ್ಗುತ್ತದೆ. ಉತ್ತರದ ಹತ್ತಿರದ ದಾರಿ ನಕ್ಷೆಯಲ್ಲಿ ಸುತ್ತುದಾರಿಯಂತೆ ತೋರುತ್ತದೆ.

ಚಕ್ಕೋತದ ಮೇಲೊಂದು ದಾರ

ಮಾತಿನಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿ ನೋಡುವುದು ಮೇಲು. ಹಿತ್ತಿಲಿನ ಒಂದು ದುಂಡನೆಯ ಚಕ್ಕೋತವನ್ನು ತೆಗೆದುಕೊಳ್ಳಿ. ತೊಟ್ಟಿನ ಜಾಗ ಉತ್ತರ ಧ್ರುವವಾಗಲಿ. ಹಣ್ಣಿನ ನಡುಹೊಟ್ಟೆಯ ಸುತ್ತ ಇದ್ದಿಲಿನಿಂದ ಒಂದು ಗೆರೆ ಎಳೆದರೆ ಅದು ಭೂಮಧ್ಯರೇಖೆ. ಈ ಗೆರೆಗಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಇದು ಬೆಂಗಳೂರು. ಹಣ್ಣನ್ನು ತಿರುಗಿಸಿ, ಹೆಚ್ಚುಕಡಮೆ ಎದುರು ಮಗ್ಗುಲಿನಲ್ಲಿ, ಗೆರೆಗೂ ತೊಟ್ಟಿಗೂ ನಡುವೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇನ್ನೊಂದು ಸೂಜಿ ಚುಚ್ಚಿ, ಇದು ಸಾನ್‌ಫ್ರಾನ್ಸಿಸ್ಕೊ.

ಈಗ ಒಂದು ದಾರವನ್ನು ಎರಡೂ ಸೂಜಿಗಳಿಗೆ ಸೇರಿಸಿ ಬಿಗಿಯಾಗಿ ಎಳೆಯಿರಿ. ದಾರ ಹಣ್ಣಿನ ಹೊಟ್ಟೆಯನ್ನು ಸುತ್ತಿಕೊಂಡು ಹೋಗುವುದಿಲ್ಲ. ಜಾರಿ ಮೇಲಕ್ಕೇರಿ ತೊಟ್ಟಿನ ಪಕ್ಕದಲ್ಲೇ ಹಾಯುತ್ತದೆ. ಬಿಗಿ ಮಾಡಿದಷ್ಟೂ ಅದು ಅಲ್ಲಿಯೇ ನಿಲ್ಲುತ್ತದೆ. ಆ ದಾರ ತೋರಿಸುವುದೇ ಅತಿ ಹತ್ತಿರದ ದಾರಿ. ಅದೇ ದಾರದ ಗುಂಟ ಹಣ್ಣನ್ನು ಕೊಯ್ದರೆ ಕತ್ತಿ ಸರಿಯಾಗಿ ಹಣ್ಣಿನ ನಡುಗುಳ್ಳಿಯನ್ನು ಹಾದು ಎರಡು ಸಮಭಾಗವಾಗುತ್ತದೆ. ಹೀಗೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಎರಡು ಊರುಗಳ ನಡುವಿನ ಆಕಾಶಮಾರ್ಗದ ದೂರವೆಂದು ಪುಸ್ತಕಗಳಲ್ಲಿ ಕೊಡುವುದು ಈ ಮಹಾವೃತ್ತದ ಮೇಲಿನ ದೂರವನ್ನೇ.

ತೋಟದಲ್ಲಿ ಓಡಾಡುವವರಿಗೆ ಇದು ಹೊಸದೇನಲ್ಲ. ದುಂಡನೆಯ ಗುಡ್ಡವೊಂದರ ಈಚೆ ಮಗ್ಗುಲಲ್ಲಿ ಕಣ, ಆಚೆ ಮಗ್ಗುಲಲ್ಲಿ ಲೈನು ಮನೆ ಇದೆಯೆನ್ನಿ. ಸಮಪಾತಳಿಯ ದಾರಿ ಹಿಡಿದು ಗುಡ್ಡದ ಹೊಟ್ಟೆಯನ್ನು ಸುತ್ತಿದರೆ ಒಂದು ಮೈಲಿ. ಹೆಗಲ ಮೇಲೆ ಹತ್ತಿ ಇಳಿದರೆ ಮುಕ್ಕಾಲು ಮೈಲಿ. ಗುಡ್ಡ ಹತ್ತುವಾಗ ಏದುಸಿರು ಬರುತ್ತದೆ, ಆದ್ದರಿಂದ ನಾವು ಸುತ್ತುದಾರಿಯನ್ನೇ ಹಿಡಿಯುತ್ತೇವೆ. ಭೂಗೋಲದ ಮೇಲೆ ಉತ್ತರಕ್ಕೆ ಹೋಗುವುದೆಂದರೆ ಏರುವುದಲ್ಲ. ಹಾಗಾಗಿ ವಿಮಾನಕ್ಕೆ ಹೆಗಲ ದಾರಿಯೇ ಲಾಭ.

ಬಾಯಿಲೆಕ್ಕದ ದೂರ

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗಳಿಗೆ ಹಂಚಿದರೆ ಡಿಗ್ರಿಯೊಂದಕ್ಕೆ ಸುಮಾರು 111 ಕಿ.ಮೀ. ಬರುತ್ತದೆ. ಈ ಒಂದು ಸಂಖ್ಯೆ ನೆನಪಿನಲ್ಲಿದ್ದರೆ ಎಷ್ಟೋ ಲೆಕ್ಕವನ್ನು ಕೈಯಲ್ಲೇ ಮಾಡಬಹುದು.

ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿದೆ. ಧ್ರುವ 90ನೆಯ ಡಿಗ್ರಿ. ಅಂದಮೇಲೆ ಬೆಂಗಳೂರಿನಿಂದ ಉತ್ತರ ಧ್ರುವಕ್ಕೆ 77 ಡಿಗ್ರಿ. ಸಾನ್‌ಫ್ರಾನ್ಸಿಸ್ಕೊ ಇರುವುದು ಸುಮಾರು 38ನೆಯ ಡಿಗ್ರಿಯಲ್ಲಿ; ಧ್ರುವದಿಂದ ಅಲ್ಲಿಗೆ 52 ಡಿಗ್ರಿ. ಎರಡನ್ನೂ ಕೂಡಿದರೆ 129. ಇದನ್ನು 111ರಿಂದ ಗುಣಿಸಿದರೆ 14,319. ಅಂದರೆ ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ದಾರಿ ಸುಮಾರು 14,300 ಕಿ.ಮೀ. ಮಾತ್ರ. ಎರಡು ಊರುಗಳು ಸರಿಯಾಗಿ ಎದುರುಬದುರಾಗಿಲ್ಲದ ಕಾರಣ ದಾರ ಧ್ರುವದಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಆ ನಿಖರ ಲೆಕ್ಕಕ್ಕೆ ತ್ರಿಕೋನಮಿತಿ ಬೇಕು. ಅದರಂತೆ ಬರುವುದು 126 ಡಿಗ್ರಿ, ಅಂದರೆ ಸುಮಾರು 14,000 ಕಿ.ಮೀ.

ವಿಮಾನದವರು ಕಿಲೋಮೀಟರಿನ ಬದಲು ನಾಟಿಕಲ್ ಮೈಲಿಯಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ದೂರವೇ ಒಂದು ನಾಟಿಕಲ್ ಮೈಲಿ. ಅದು 1,852 ಮೀಟರ್ ಎಂದು 1929ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಲಾಯಿತು. ನಮ್ಮ ಹಳೆಯ ಮೈಲಿ 1,609 ಮೀಟರ್. ಎರಡನ್ನೂ ಬೆರೆಸಿಕೊಂಡರೆ ಲೆಕ್ಕ ಕೆಡುತ್ತದೆ.

ಈ ಹತ್ತಿರದ ದಾರಿ ಬೆಂಗಳೂರಿನಿಂದ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರಕ್ಕೆ ಸ್ವಲ್ಪ ಪೂರ್ವ ವಾಲಿ ಹೊರಡುತ್ತದೆ. ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯ, ಆರ್ಕ್ಟಿಕ್ ಸಮುದ್ರದ ಅಂಚು, ಅಲಾಸ್ಕ. ಆಮೇಲೆ ಪೆಸಿಫಿಕ್‌ನ ಮೇಲೆ ಕೆಳಗಿಳಿದು ಸಾನ್‌ಫ್ರಾನ್ಸಿಸ್ಕೊ. ಅಮೆರಿಕಕ್ಕೆ ಹೋದ ಮಗಳು ಹಿಮದ ಬಯಲನ್ನು ಕಿಟಕಿಯಿಂದ ಕಂಡೆನೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ಮಹಾವೃತ್ತದ ಲೆಕ್ಕ ಇನ್ನೂ ಕೆಲವು ವಿಚಿತ್ರಗಳನ್ನು ತೋರಿಸುತ್ತದೆ. ನ್ಯೂಯಾರ್ಕ್ ಮತ್ತು ಸಾನ್‌ಫ್ರಾನ್ಸಿಸ್ಕೊ ಅಮೆರಿಕದ ಎರಡು ತುದಿಗಳಲ್ಲಿವೆ. ನಡುವೆ 4,150 ಕಿ.ಮೀ. ಆದರೆ ಬೆಂಗಳೂರಿನಿಂದ ನ್ಯೂಯಾರ್ಕ್ 13,350, ಸಾನ್‌ಫ್ರಾನ್ಸಿಸ್ಕೊ 14,000. ವ್ಯತ್ಯಾಸ ಕೇವಲ 650. ನಮ್ಮ ಹತ್ತಿರದ ಉದಾಹರಣೆ ಬೇಕಾದರೆ, ಮಂಗಳೂರಿನಿಂದ ದುಬೈಗೆ 2,460 ಕಿ.ಮೀ.; ಅದೇ ಮಂಗಳೂರಿನಿಂದ, ನಮ್ಮಂತೆಯೇ ಅಡಿಕೆ ಬೆಳೆಯುವ ಅಸ್ಸಾಮಿನ ಗುವಾಹಟಿಗೆ 2,275. ಪರದೇಶವೆಂದ ಮಾತ್ರಕ್ಕೆ ಬಹು ದೂರವೆಂದಲ್ಲ, ಸ್ವದೇಶವೆಂದ ಮಾತ್ರಕ್ಕೆ ಹತ್ತಿರವೆಂದೂ ಅಲ್ಲ.

ಯಾವ ಊರಿನಲ್ಲಿ ಇಳಿದು ಹತ್ತಬೇಕು?

ಈ ಎರಡು ನಗರಗಳ ನಡುವೆ ನಡುವೆಲ್ಲೂ ಇಳಿಯದ ವಿಮಾನ ಸಂಚಾರ ಮೊದಲಾದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ, ಪೂರ್ತಿ ಮಹಿಳಾ ಪೈಲಟ್‌ಗಳದೇ ಆದ ಏರ್ ಇಂಡಿಯಾ ತಂಡ 9ನೆಯ ತಾರೀಕು ಸಂಜೆ ಸಾನ್‌ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, 11ನೆಯ ತಾರೀಕು ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಹಾರಾಟ ಸುಮಾರು 17 ಗಂಟೆಯದು. ನಮ್ಮ ಅಂಗಳದಲ್ಲಿ ಕೇಳಿಬಂದ ಹದಿನೇಳು ಗಂಟೆ ಇದೇ.

ಆದರೆ ಇಷ್ಟು ಉದ್ದದ ನೇರ ಸಂಚಾರಗಳು ಒಂದು ವರ್ಷ ಇದ್ದು ಇನ್ನೊಂದು ವರ್ಷ ನಿಲ್ಲುವುದು ಉಂಟು. ಇದ್ದರೂ ದಿನಕ್ಕೊಂದು ಇರುವುದೆಂಬ ಭರವಸೆಯಿಲ್ಲ. ಆದುದರಿಂದ ಹೆಚ್ಚಿನವರು ನಡುವೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತುತ್ತಾರೆ. ಆಗ ಮಹಾವೃತ್ತದ ದೂರಗಳನ್ನು ಕೂಡಿದರೆ ಬರುವ ಮೊತ್ತ ಹೀಗಿದೆ:

ನೇರವಾಗಿ — 14,000 ಕಿ.ಮೀ.
ದೆಹಲಿಯ ಮೇಲೆ — 14,100 ಕಿ.ಮೀ.
ಟೋಕಿಯೊ ಮೇಲೆ — 14,900 ಕಿ.ಮೀ.
ದುಬೈ ಮೇಲೆ — 15,700 ಕಿ.ಮೀ.
ಫ್ರಾಂಕ್‌ಫರ್ಟ್ ಮೇಲೆ — 16,550 ಕಿ.ಮೀ.
ಸಿಂಗಪುರದ ಮೇಲೆ — 16,750 ಕಿ.ಮೀ.

ದೆಹಲಿಗೆ ಹೋಗಿ ಹತ್ತಿದರೆ ಬರಿದೇ ಸುತ್ತು ಎಂಬುದು ನಮ್ಮಲ್ಲಿ ಅನೇಕರ ಭಾವನೆ. ದೂರದ ಲೆಕ್ಕದಲ್ಲಿ ಅದು ಹೆಚ್ಚಿಸುವುದು ನೂರೇ ಕಿಲೋಮೀಟರು, ಏಕೆಂದರೆ ಹತ್ತಿರದ ದಾರಿ ಹೇಗಿದ್ದರೂ ಉತ್ತರಕ್ಕೇ ಹೋಗಬೇಕು. ಸಿಂಗಪುರ ನಮಗೆ ಹತ್ತಿರದ ಊರು, 3,200 ಕಿ.ಮೀ. ಮಾತ್ರ, ಆದರೆ ಅದು ದಕ್ಷಿಣಕ್ಕೆ ಇಳಿದು ಮತ್ತೆ ಏರುವ ದಾರಿಯಾದ್ದರಿಂದ ಎಲ್ಲಕ್ಕಿಂತ ಉದ್ದವಾಯಿತು. ಮೊದಲ ತುಂಡು ಹತ್ತಿರವೆಂದು ಒಟ್ಟು ದಾರಿ ಹತ್ತಿರವೆನ್ನಲಾಗದು.

ಗಾಳಿ ಮತ್ತು ಗಡಿ

ಮೇಲಿನ ದೂರಗಳೆಲ್ಲ ನೆಲದ ಮೇಲಿನ ಅಳತೆ. ವಿಮಾನ ಹಾರುವುದು ಗಾಳಿಯಲ್ಲಿ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯ ಹೊಳೆಗಳಿವೆ. ಚಳಿಗಾಲದಲ್ಲಿ ಅವುಗಳ ಸೆಳೆತ ಹೆಚ್ಚು. ಗಂಟೆಗೆ ನೂರು ಕಿ.ಮೀ. ವೇಗದ ಗಾಳಿ ಅಲ್ಲಿ ಸಾಮಾನ್ಯ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಂಡರೆ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ನೂರು ಕಿ.ಮೀ.ನ ಎದುರುಗಾಳಿ ಇದ್ದರೆ ಹದಿನೇಳೂವರೆ. ಅದೇ ಗಾಳಿ ಬೆನ್ನಿಗಿದ್ದರೆ ಹದಿನಾಲ್ಕು. ತುಂಬಿದ ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದಲೇ ಒಂದೇ ಎರಡು ಊರುಗಳ ನಡುವೆ ಹೋಗುವ ದಾರಿ, ಬರುವ ದಾರಿ ಬೇರೆಬೇರೆ ಆಗಬಹುದು. ಇಲ್ಲಿಂದ ಹೋಗುವಾಗ ಪೆಸಿಫಿಕ್‌ನ ಮೇಲಿನ ಬೆನ್ನುಗಾಳಿ ಸಿಗುವುದಾದರೆ ನೆಲದಳತೆಯಲ್ಲಿ ಉದ್ದವಾದ ದಾರಿಯೂ ಹೊತ್ತಿನಲ್ಲಿ ಗಿಡ್ಡವಾಗುತ್ತದೆ. ಬರುವಾಗ ಅದೇ ಗಾಳಿಗೆ ಎದೆಯೊಡ್ಡುವುದಕ್ಕಿಂತ ಧ್ರುವದ ಕಡೆಗೆ ತಪ್ಪಿಸಿಕೊಂಡು ಹೋಗುವುದು ಲೇಸು. ಪ್ರತಿದಿನ ಅಂದಂದಿನ ಗಾಳಿಯನ್ನು ನೋಡಿ ಅಂದಂದಿನ ದಾರಿಯನ್ನು ಗೊತ್ತುಮಾಡುತ್ತಾರೆ.

ಎರಡನೆಯದು ನೆಲದ ಸ್ವರೂಪ. ಟಿಬೆಟ್ಟಿನ ಎತ್ತರದ ಪ್ರದೇಶದ ಮೇಲೆ ದೀರ್ಘಕಾಲ ಹಾರುವುದನ್ನು ವಿಮಾನಗಳು ಆದಷ್ಟು ತಪ್ಪಿಸುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿಹೋದರೆ ಕೂಡಲೆ ಹತ್ತು ಸಾವಿರ ಅಡಿಗೆ ಇಳಿಯಬೇಕಾಗುತ್ತದೆ. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಧ್ರುವ ಪ್ರದೇಶದಲ್ಲಿ ಬೇರೆ ತೊಡಕು: ದಿಕ್ಸೂಚಿಯ ಮುಳ್ಳು ನಂಬುವಂತಿಲ್ಲ, ಚಳಿಗೆ ಇಂಧನ ಹೆಪ್ಪುಗಟ್ಟದಂತೆ ನಿಗಾ ಇಡಬೇಕು, ತುರ್ತಿಗೆ ಇಳಿಯಲು ನಿಲ್ದಾಣಗಳು ವಿರಳ. 2023ರ ಜೂನ್‌ನಲ್ಲಿ ದೆಹಲಿಯಿಂದ ಸಾನ್‌ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವತುದಿಯ ಮಗದಾನ್ ಎಂಬಲ್ಲಿ ಇಳಿಯಬೇಕಾಯಿತು. ಇನ್ನೂರಕ್ಕೂ ಮಿಕ್ಕಿದ ಪ್ರಯಾಣಿಕರು, ಬೇರೆ ವಿಮಾನ ಬರುವ ತನಕ, ಆ ಪುಟ್ಟ ಊರಿನಲ್ಲಿ ಸಿಕ್ಕಿದ ಕಡೆ ಮಲಗಿ ಕಾಯ್ದರು.

ಮೂರನೆಯದು ಗಡಿ. ಆಕಾಶಕ್ಕೆ ಬೇಲಿಯಿಲ್ಲವೆಂಬುದು ಕವಿಗಳ ಮಾತು. 1944ರ ಷಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ಅನುಮತಿ ಇಲ್ಲದೆ ಹಾಯುವಂತಿಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶಮಾರ್ಗವನ್ನು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು, ಭಾರತವೂ ಹಾಗೆಯೇ ಮಾಡಿತು. 2022ರ ಯುಕ್ರೇನ್ ಯುದ್ಧದ ತರುವಾಯ ಅಮೆರಿಕ ಮತ್ತು ಯುರೋಪಿನ ಅನೇಕ ದೇಶಗಳ ವಿಮಾನಗಳಿಗೆ ರಷ್ಯದ ಆಕಾಶ ಇಲ್ಲವಾಯಿತು. ಚಕ್ಕೋತದ ಮೇಲಿನ ದಾರವನ್ನು ಯಾರೋ ಪಕ್ಕಕ್ಕೆ ಎಳೆದು ಹಿಡಿದಂತೆ. ಎರಡು ಊರು ಇದ್ದಲ್ಲೇ ಇದ್ದರೂ ನಡುವಿನ ದಾರಿ ರಾತ್ರಿ ಬೆಳಗಾಗುವುದರೊಳಗೆ ಉದ್ದವಾಗುತ್ತದೆ.

ದೂರಕ್ಕೆ ತೆರುವ ಬೆಲೆ

ದಾರಿ ಉದ್ದವಾದರೆ ಬರಿಯ ಹೊತ್ತಲ್ಲ, ಭಾರವೂ ಹೆಚ್ಚುತ್ತದೆ. ಈ ನೇರ ಸಂಚಾರವನ್ನು ಆರಂಭಿಸಿದ ಬೋಯಿಂಗ್ 777 ಜಾತಿಯ ದೂರಗಾಮಿ ವಿಮಾನ ನೆಲ ಬಿಡುವಾಗ ಗರಿಷ್ಠ 347 ಟನ್ ತೂಗಬಹುದು. ಇಷ್ಟು ದೂರ ಹೋಗಬೇಕಾದರೆ ಅದರಲ್ಲಿ ನೂರು ಟನ್ನಿಗೂ ಮೀರಿ ಇಂಧನವೇ ಇರುತ್ತದೆ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಒಂದು ಪಾಲು, ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಹೊರೆಯಾಳಿನ ತಲೆಯ ಮೇಲೆ ಬುತ್ತಿಯೇ ಹೆಚ್ಚಾದರೆ ಕಾಫಿ ಮೂಟೆಗೆ ಜಾಗವೆಲ್ಲಿ? ವಿಮಾನದ ಸ್ಥಿತಿಯೂ ಅದೇ.

ನಮ್ಮ ಕಾಫಿ ಮೂಟೆ ಹಡಗಿನಲ್ಲಿ, ಅದರ ಸ್ಯಾಂಪಲ್ ಪೊಟ್ಟಣ ಮಾತ್ರ ವಿಮಾನದಲ್ಲಿ ಹೋಗುವುದು ಈ ಕಾರಣಕ್ಕೇ. ಹಡಗಿಗೂ ಸುತ್ತುದಾರಿಯ ಕಷ್ಟ ತಪ್ಪಿದ್ದಲ್ಲ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕದ ತುದಿಯನ್ನು ಬಳಸಿ ಹೋದವು. ಇಟಲಿ ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿ. ಅಲ್ಲಿಗೆ ಮಾಲು ಮುಟ್ಟಲು ಹತ್ತು ದಿನಕ್ಕೂ ಮಿಕ್ಕಿ ತಡವಾಯಿತು, ಬಾಡಿಗೆ ಏರಿತು. ದೂರವೆಂಬುದು ನಮ್ಮ ಕಣದ ಧಾರಣೆಯವರೆಗೂ ಬಂದು ಮುಟ್ಟುವ ಸಂಗತಿ.

ಮನೆ ತಲುಪುವ ದೂರ

ಈಗ ಮೊದಲು ಹೇಳಿದ ಮನೆಯ ಲೆಕ್ಕಕ್ಕೆ ಬರೋಣ. ಆಮೇಲೆ ಆ ಮಗನನ್ನು ಕೇಳಿ ಬರೆದುಕೊಂಡ ವಿವರ ಇದು.

ಇಲ್ಲಿ ಗುರುವಾರ ಬೆಳಗಿನ ನಾಲ್ಕು ಗಂಟೆಯಾದಾಗ ಅಲ್ಲಿ ಬುಧವಾರ ಮಧ್ಯಾಹ್ನ ಮೂರೂವರೆ. ಅಂದು ನೇರ ವಿಮಾನ ಸಿಗಲಿಲ್ಲ. ಟಿಕೆಟ್ಟು ಹುಡುಕಿ, ಕಚೇರಿಯಲ್ಲಿ ತಿಳಿಸಿ, ನಿಲ್ದಾಣ ಸೇರಿ, ತಪಾಸಣೆ ಮುಗಿಸಿ ವಿಮಾನ ಹೊರಡುವಾಗ ರಾತ್ರಿ ಹನ್ನೊಂದು: ಏಳೂವರೆ ಗಂಟೆ. ದುಬೈವರೆಗೆ ಹಾರಾಟ 16 ಗಂಟೆ. ಅಲ್ಲಿ ಕಾಯ್ದದ್ದು 4 ಗಂಟೆ. ಬೆಂಗಳೂರಿಗೆ ಮತ್ತೆ 4 ಗಂಟೆ. ದೇವನಹಳ್ಳಿ ನಿಲ್ದಾಣದಿಂದ ಹೊರಬೀಳಲು 1 ಗಂಟೆ. ಅಲ್ಲಿಂದ ಮನೆಗೆ 280 ಕಿ.ಮೀ., ಮಳೆಯಲ್ಲಿ 7 ಗಂಟೆ. ಒಟ್ಟು ಮೂವತ್ತೊಂಬತ್ತೂವರೆ ಗಂಟೆ.

ಇದರಲ್ಲಿ ಆಕಾಶದಲ್ಲಿ ಕಳೆದದ್ದು ಇಪ್ಪತ್ತು ಗಂಟೆ. ಉಳಿದ ಹತ್ತೊಂಬತ್ತೂವರೆ ಗಂಟೆ ನೆಲದ ಮೇಲೆಯೇ. ಕೊನೆಯ 280 ಕಿ.ಮೀ. ಒಟ್ಟು ದಾರಿಯ ಐವತ್ತರಲ್ಲಿ ಒಂದು ಪಾಲೂ ಅಲ್ಲ, ಆದರೆ ಹೊತ್ತಿನಲ್ಲಿ ಅದು ಸುಮಾರು ಆರರಲ್ಲಿ ಒಂದು ಪಾಲು ತಿಂದಿತು. ಅಂದು ನೇರ ವಿಮಾನವೇ ಸಿಕ್ಕಿದ್ದರೂ ಉಳಿಯುತ್ತಿದ್ದುದು ಏಳು ಗಂಟೆಯೊಳಗೆ. ಅವನು ಶುಕ್ರವಾರ ಬೆಳಿಗ್ಗೆಯಲ್ಲ, ಮಧ್ಯಾಹ್ನ ಒಂದರ ಸುಮಾರಿಗೆ ಬರುತ್ತಿದ್ದ. ಅಂಗಳದಲ್ಲಿ ಹೇಳಿದ ಹದಿನೇಳು ಗಂಟೆ ಎರಡು ವಿಮಾನ ನಿಲ್ದಾಣಗಳ ನಡುವಿನದು. ಕಾಯುವವರಿಗೆ ಬೇಕಾದದ್ದು ಎರಡು ಮನೆಗಳ ನಡುವಿನದು.

ಇದರಿಂದ ಸದಸ್ಯರು ಗಮನಿಸಬೇಕಾದ ನಾಲ್ಕು ಅಂಶಗಳನ್ನು ಕೆಳಗೆ ಕೊಟ್ಟಿದ್ದೇವೆ.

(1) ಕ್ಯಾಲಿಫೋರ್ನಿಯದಿಂದ ಮಲೆನಾಡಿನ ಮನೆಗೆ ಬರಲು, ಕೂಡಲೆ ಹೊರಟರೂ, ಒಂದೂವರೆ ದಿನದಿಂದ ಎರಡು ದಿನ ಬೇಕೆಂದು ಲೆಕ್ಕ ಹಿಡಿಯುವುದು ಕ್ಷೇಮ. ಕಾಯುವುದೋ ಬೇಡವೋ ಎಂಬುದು ಅವರವರ ಮನೆಯ ಪದ್ಧತಿ. ಆದರೆ ನಿಶ್ಚಯಿಸುವ ಮುನ್ನ ಹೊರಟವರನ್ನೇ ಕೇಳಿ, ವಿಮಾನ ಎಲ್ಲಿ ಇಳಿಯುತ್ತದೆ, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಬರೆದುಕೊಳ್ಳಿ.

(2) ಸಾನ್‌ಫ್ರಾನ್ಸಿಸ್ಕೊ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲನೆಯ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಹಿಂದೆ. 'ಶನಿವಾರ ರಾತ್ರಿ ಹೊರಟೆ' ಎಂದರೆ ಇಲ್ಲಿ ಆಗಲೇ ಭಾನುವಾರ ಬೆಳಗಾಗಿರುತ್ತದೆ. ಮನೆ ಮುಟ್ಟುವುದು ಸೋಮವಾರ.

(3) ಮಕ್ಕಳ ಪಾಸ್‌ಪೋರ್ಟು, ಅಲ್ಲಿಗೆ ಮರಳಲು ಬೇಕಾದ ವೀಸಾ, ಪೌರತ್ವ ಬದಲಿಸಿದ್ದರೆ ಇಲ್ಲಿಗೆ ಬರಲು ಬೇಕಾದ ಓಸಿಐ ಕಾರ್ಡು — ಇವು ಸರಿಯಾಗಿವೆಯೆಂಬುದನ್ನು ಆರೋಗ್ಯವಾಗಿರುವಾಗಲೇ ಒಮ್ಮೆ ಕೇಳಿಟ್ಟುಕೊಳ್ಳಿ. ಕಾಗದದ ಅಡಚಣೆಗೆ ಎಷ್ಟು ದಿನವೆಂಬ ಲೆಕ್ಕವೇ ಇಲ್ಲ.

(4) ಮಗಳ ಬಾಣಂತನಕ್ಕೆಂದು ಹೊರಡುವ ತಾಯಂದಿರು ನೇರ ವಿಮಾನವೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಹದಿನಾರು ಹದಿನೇಳು ಗಂಟೆ ಒಂದೇ ಆಸನದಲ್ಲಿ ಕೂರುವುದು ಕಾಲು ಬಾವು ಇರುವವರಿಗೆ ಹಿತವಲ್ಲ. ನಡುವೆ ಇಳಿದರೆ ಕಾಲಾಡಿಸಿದಂತಾಗುತ್ತದೆ. ಯಾವ ದಾರಿಯಾದರೂ ನೀರು ಕುಡಿಯುತ್ತ, ಆಗಾಗ ಎದ್ದು ನಡೆದಾಡುತ್ತ ಹೋಗಬೇಕು.

ಆ ಮನೆಯ ಮಗ ಹದಿಮೂರು ದಿನ ಇದ್ದು, ಕಾರ್ಯಗಳನ್ನು ಮುಗಿಸಿ ಹಿಂತಿರುಗಿದ. ತೋಟವನ್ನು ಸದ್ಯಕ್ಕೆ ತಾಯಿಯೇ ನೋಡಿಕೊಳ್ಳುತ್ತಿದ್ದಾರೆ. ಕಾಫಿ ಕುಯ್ಲಿಗೆ ಬರುವುದಾಗಿ ಮಗ ಹೇಳಿದ್ದಾನೆ. ತಾಯಿ ಮೊನ್ನೆ ಸಂಘಕ್ಕೆ ಬಂದಾಗ ಈ ಲೇಖನದ ಕರಡನ್ನು ಓದಿಸಿಕೊಂಡು, ಕೊನೆಗೆ ಕೇಳಿದ್ದು ಇಷ್ಟೇ: 'ಹಾಗಾದರೆ ಅವನು ಬರುತ್ತೇನೆಂದ ದಿನಕ್ಕೆ ಎರಡು ದಿನ ಕೂಡಿಸಿ ಅಡುಗೆಗೆ ನೆನೆಹಾಕಬೇಕು, ಅಲ್ಲವೇ?'

ಹೌದು ಎಂದೆವು. ಸದಸ್ಯರೆಲ್ಲರೂ ಈ ಎರಡು ದಿನವನ್ನು ನೆನಪಿನಲ್ಲಿಟ್ಟರೆ ಈ ಲೇಖನ ಬರೆದದ್ದು ಸಾರ್ಥಕ.